ಕನ್ನಡದ ನಗರ ಮತ್ತು ಸಣ್ಣ ಊರುಗಳ ಪತ್ರಿಕೆಗಳ ಇತಿಹಾಸ

ಕನ್ನಡದ ನಗರ ಮತ್ತು ಸಣ್ಣ ಊರುಗಳ ಪತ್ರಿಕೆಗಳ ಇತಿಹಾಸವು 1843ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ 'ಮಂಗಳೂರ ಸಮಾಚಾರ'ದಿಂದ ಆರಂಭವಾಗುತ್ತದೆ. ಅಂದಿನಿಂದ ಇಂದಿನವರೆಗೆ ಮೈಸೂರು, ಬೆಂಗಳೂರು, ಧಾರವಾಡ, ಹುಬ್ಬಳ್ಳಿಗಳಂಥ ನಗರಗಳಲ್ಲಿ ಮಾತ್ರವಲ್ಲದೆ ಮಡಿಕೇರಿ, ದಾವಣಗೆರೆ, ಕೋಲಾರ, ಶಿರಸಿ, ನಂಜನಗೂಡುಗಳಂಥ ಊರುಗಳಲ್ಲಿಯೂ ಕನ್ನಡ ಪತ್ರಿಕೆಗಳು ಹುಟ್ಟಿ ಬೆಳೆದಿವೆ. ರಾಜಧಾನಿಯ ದಿನಪತ್ರಿಕೆಗಳು ನಾಡಿನ ಮತ್ತು ದೇಶದ ಸುದ್ದಿಯನ್ನು ಊರಿಗೆ ತಂದರೆ, ಊರಿನ ಪತ್ರಿಕೆಗಳು ಊರಿನ ಸುದ್ದಿಯನ್ನು ಊರಿನವರಿಗೇ ತಿಳಿಸುವ ಕೆಲಸವನ್ನು ಮಾಡಿವೆ. ಪುರಸಭೆಯ ನಿರ್ಣಯ, ಕೆರೆಯ ನೀರಿನ ಮಟ್ಟ, ಸಂತೆಯ ಧಾರಣೆ, ಶಾಲೆಯ ಫಲಿತಾಂಶ, ಜಮೀನಿನ ಪ್ರಕಟಣೆ ಮೊದಲಾದ ವಿಷಯಗಳು ದಾಖಲೆಯಾಗಿ ಉಳಿದಿರುವುದು ಬಹುಮಟ್ಟಿಗೆ ಇಂಥ ಪತ್ರಿಕೆಗಳಲ್ಲಿಯೇ.

ಹಿನ್ನೆಲೆ

ಪತ್ರಿಕೆಗಳು ಬರುವುದಕ್ಕೆ ಮುನ್ನ ಸಾರ್ವಜನಿಕ ವಿಷಯಗಳನ್ನು ತಿಳಿಸಲು ಎರಡು ಮುಖ್ಯ ಮಾರ್ಗಗಳಿದ್ದವು. ಶಾಶ್ವತವಾಗಿ ಉಳಿಯಬೇಕಾದ ದಾನ, ತೆರಿಗೆ ಮತ್ತು ಗಡಿಯ ವಿವರಗಳನ್ನು ಕಲ್ಲಿನಲ್ಲಿ ಕೆತ್ತಿಸಲಾಗುತ್ತಿತ್ತು. ತಕ್ಷಣ ತಿಳಿಯಬೇಕಾದ ಆಜ್ಞೆಗಳನ್ನು ಡಂಗುರ ಸಾರಲಾಗುತ್ತಿತ್ತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಕುಂದಾಣವು 13ನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥನ ಆಳ್ವಿಕೆಯೊಡನೆ ಸಂಬಂಧ ಹೊಂದಿದ್ದ ಸ್ಥಳವಾಗಿದ್ದು, ಆ ಸೀಮೆಯ ಶಾಸನಗಳು ಮೊದಲ ಬಗೆಯ ಪ್ರಕಟಣೆಗೆ ಉದಾಹರಣೆಗಳಾಗಿವೆ. ಈ ಎರಡು ಮಾರ್ಗಗಳಲ್ಲಿಯೂ ಮಾತು ಮೇಲಿನಿಂದ ಕೆಳಕ್ಕೆ, ಅಂದರೆ ಅಧಿಕಾರದಿಂದ ಪ್ರಜೆಗೆ, ಹರಿಯುತ್ತಿತ್ತು. ಪ್ರಜೆಯು ತನ್ನ ಅಹವಾಲನ್ನು ಎಲ್ಲರಿಗೂ ಕೇಳುವಂತೆ ಹೇಳಲು ಸಾಧ್ಯವಾದದ್ದು ಮುದ್ರಿತ ಪತ್ರಿಕೆ ಬಂದ ಮೇಲೆ.

ಮಂಗಳೂರ ಸಮಾಚಾರ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವು 1843ರ ಜುಲೈ 1ರಂದು ಪ್ರಕಟವಾಯಿತು. ಇದರ ಸಂಪಾದಕರು ಬಾಸೆಲ್ ಮಿಷನ್‌ನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ (1811–1881). ಪಾಕ್ಷಿಕವಾಗಿದ್ದ ಈ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಮುದ್ರಿಸಲಾಗುತ್ತಿತ್ತು. ಕಲ್ಲಚ್ಚಿನಲ್ಲಿ ಅಚ್ಚುಮೊಳೆಗಳ ಅಗತ್ಯವಿಲ್ಲ. ಕೈಬರಹವನ್ನೇ ನಯವಾದ ಕಲ್ಲಿನ ಮೇಲೆ ಮೂಡಿಸಿ, ಅದರಿಂದ ಕಾಗದಕ್ಕೆ ಪ್ರತಿ ತೆಗೆಯಲಾಗುತ್ತದೆ. ಒತ್ತಕ್ಷರಗಳಿಂದ ತುಂಬಿದ ಕನ್ನಡ ಲಿಪಿಗೆ ಆಗಿನ ಕಾಲದಲ್ಲಿ ಇದು ಅನುಕೂಲವಾದ ವಿಧಾನವಾಗಿತ್ತು.

ಮಿಷನರಿಗಳು ನಡೆಸಿದರೂ ಈ ಪತ್ರಿಕೆ ಕೇವಲ ಮತಪ್ರಚಾರಕ್ಕೆ ಸೀಮಿತವಾಗಿರಲಿಲ್ಲ. ಊರಿನ ವರ್ತಮಾನ, ಸರ್ಕಾರದ ನಿಯಮಗಳು, ದೂರದ ನಾಡುಗಳ ಸುದ್ದಿ ಮತ್ತು ಕಥೆಗಳು ಅದರಲ್ಲಿ ಇರುತ್ತಿದ್ದವು. ಹೆಸರಿನಲ್ಲಿಯೇ ಊರನ್ನು ಇಟ್ಟುಕೊಂಡಿದ್ದ ಈ ಪತ್ರಿಕೆಯು ಕನ್ನಡದ ಮೊದಲ ಪತ್ರಿಕೆಯಾಗಿರುವಂತೆಯೇ ಕನ್ನಡದ ಮೊದಲ 'ಊರಿನ ಪತ್ರಿಕೆ'ಯೂ ಹೌದು. ಮರುವರ್ಷ, 1844ರಲ್ಲಿ, ಅದರ ಪ್ರಕಟಣೆ ಬಳ್ಳಾರಿಗೆ ಸ್ಥಳಾಂತರಗೊಂಡು ಹೆಸರು 'ಕನ್ನಡ ಸಮಾಚಾರ' ಎಂದು ಬದಲಾಯಿತು. ಒಂದು ಊರಿನ ಪತ್ರಿಕೆ ಇಡೀ ಭಾಷೆಯ ಓದುಗರನ್ನು ಉದ್ದೇಶಿಸುವ ಪತ್ರಿಕೆಯಾಗಲು ಬಯಸಿದ್ದನ್ನು ಈ ಹೆಸರಿನ ಬದಲಾವಣೆ ಸೂಚಿಸುತ್ತದೆ. ಮೊದಲ ಸಂಚಿಕೆ ಪ್ರಕಟವಾದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ.

ಮೈಸೂರು ಸಂಸ್ಥಾನದ ಆರಂಭದ ಪತ್ರಿಕೆಗಳು

ಮೈಸೂರು ಸಂಸ್ಥಾನದಲ್ಲಿ 1859ರಲ್ಲಿ 'ಮೈಸೂರು ವೃತ್ತಾಂತ ಬೋಧಿನಿ' ಆರಂಭವಾಯಿತು. ಇದನ್ನು ಹೊರಡಿಸಿದವರು ಭಾಷ್ಯಂ ಭಾಷ್ಯಾಚಾರ್ಯರು. 1865ರಲ್ಲಿ 'ಕರ್ಣಾಟಕ ಪ್ರಕಾಶಿಕಾ' ಬಂದಿತು. 1866ರಲ್ಲಿ ಸರ್ಕಾರವೇ 'ಮೈಸೂರು ಗೆಜೆಟ್' ಹೊರಡಿಸಲು ತೊಡಗಿತು. ಗೆಜೆಟ್ಟಿನಲ್ಲಿ ನೇಮಕ, ಕಾನೂನು ಮತ್ತು ಅಧಿಸೂಚನೆಗಳು ಪ್ರಕಟವಾಗುತ್ತಿದ್ದವು. ಸರ್ಕಾರದ ಮಾತನ್ನು ಸರ್ಕಾರವೇ ಅಚ್ಚು ಮಾಡುವ ಗೆಜೆಟ್ ಒಂದು ಕಡೆ, ಆ ಮಾತನ್ನು ವಿಮರ್ಶಿಸುವ ಖಾಸಗಿ ಪತ್ರಿಕೆ ಇನ್ನೊಂದು ಕಡೆ ಎಂಬ ವಿಭಜನೆ ಇಲ್ಲಿಂದ ಸ್ಪಷ್ಟವಾಗುತ್ತದೆ.

ಸಂಸ್ಥಾನದ ಪತ್ರಿಕೋದ್ಯಮದ ಹಿರಿಯ ಹೆಸರು ಎಂ. ವೆಂಕಟಕೃಷ್ಣಯ್ಯನವರದು (1844–1933). 'ತಾತಯ್ಯ' ಎಂದೇ ಜನರಿಂದ ಕರೆಯಿಸಿಕೊಂಡ ಅವರು ಮೈಸೂರಿನ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. 1885ರಲ್ಲಿ 'ವೃತ್ತಾಂತ ಚಿಂತಾಮಣಿ'ಯನ್ನು ಆರಂಭಿಸಿದ ಅವರು 'ಹಿತಬೋಧಿನಿ', 'ಸಾಧ್ವಿ', 'ಸಂಪದಭ್ಯುದಯ' ಮೊದಲಾದ ಪತ್ರಿಕೆಗಳೊಡನೆಯೂ ಸಂಬಂಧ ಹೊಂದಿದ್ದರು. ಶಾಲೆ, ಅನಾಥಾಲಯ, ವಿದ್ಯಾರ್ಥಿಗಳಿಗೆ ನೆರವು ಮುಂತಾದ ಕಾರ್ಯಗಳನ್ನೂ ಪತ್ರಿಕೆಯನ್ನೂ ಅವರು ಒಂದೇ ಸೇವೆಯ ಭಾಗಗಳೆಂದು ನಡೆಸಿದರು. ಉಪಾಧ್ಯಾಯರು, ವಕೀಲರು ಮತ್ತು ಪಂಡಿತರು ತಮ್ಮ ವೃತ್ತಿಯ ಜೊತೆಗೆ ಪತ್ರಿಕೆ ನಡೆಸುವ ಈ ಪದ್ಧತಿ ಮುಂದೆ ಸಣ್ಣ ಊರುಗಳಲ್ಲಿಯೂ ಬಹುಕಾಲ ಮುಂದುವರಿಯಿತು.

1908ರ ಪತ್ರಿಕಾ ಶಾಸನ

1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸರ್ಕಾರವು ಪತ್ರಿಕೆಗಳನ್ನು ನಿಯಂತ್ರಿಸುವ ಶಾಸನವೊಂದನ್ನು ಜಾರಿಗೆ ತಂದಿತು. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬುದೂ, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದೆಂಬುದೂ ಈ ಶಾಸನದ ತಿರುಳಾಗಿತ್ತು. ಇದರ ಪರಿಣಾಮ ತೀವ್ರವಾಗಿತ್ತು. ತಾತಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಇನ್ನೂ ಕೆಲವು ಪತ್ರಿಕೆಗಳು ನಿಂತುಹೋದವು.

ಈ ಪ್ರಸಂಗದಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದಾಗಿ, ಕಡಿಮೆ ಪ್ರತಿಗಳ ಪತ್ರಿಕೆಯೂ ಆಡಳಿತಕ್ಕೆ ಗಣನೀಯವಾದ ಶಕ್ತಿಯಾಗಿ ಕಂಡಿತ್ತು. ಎರಡನೆಯದಾಗಿ, ಒಬ್ಬ ವ್ಯಕ್ತಿಯ ಶ್ರಮ ಮತ್ತು ಹಣದ ಮೇಲೆ ನಿಂತ ಪತ್ರಿಕೆ ಒಂದೇ ಪೆಟ್ಟಿಗೆ ನಿಂತುಹೋಗಬಲ್ಲದು. ಸಣ್ಣ ಪತ್ರಿಕೆಯ ಈ ದೌರ್ಬಲ್ಯ ಮುಂದಿನ ಶತಮಾನದುದ್ದಕ್ಕೂ ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಂಡಿದೆ. 'ಸಾಧ್ವಿ'ಯು ಮುಂದೆ ಪುನಃ ಪ್ರಕಟವಾಗಿ, ಅಗರಂ ರಂಗಯ್ಯನವರ ಸಂಪಾದಕತ್ವದಲ್ಲಿ ಮೈಸೂರಿನ ಪ್ರಮುಖ ಪತ್ರಿಕೆಗಳಲ್ಲಿ ಒಂದಾಯಿತು.

ಡಿ.ವಿ.ಜಿ. ಮತ್ತು ವೃತ್ತಿಧರ್ಮದ ಚಿಂತನೆ

ಡಿ.ವಿ. ಗುಂಡಪ್ಪನವರ (1887–1975) ಹೆಸರಿನ ಮೊದಲ ಅಕ್ಷರವು ಅವರ ಮನೆತನದ ಮೂಲವಾದ ದೇವನಹಳ್ಳಿಯನ್ನು ಸೂಚಿಸುತ್ತದೆ. ಅವರು ಹುಟ್ಟಿದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. 'ಮಂಕುತಿಮ್ಮನ ಕಗ್ಗ'ದ ಕವಿಯಾಗಿ ಪ್ರಸಿದ್ಧರಾದ ಅವರು ಬದುಕಿನ ಬಹುಭಾಗ ಪತ್ರಕರ್ತರಾಗಿದ್ದರು. ಶಾಲಾ ಶಿಕ್ಷಣ ಪೂರ್ಣಗೊಳ್ಳದೆ ಬೆಂಗಳೂರಿಗೆ ಬಂದ ಅವರು ಪತ್ರಿಕೆಗಳಲ್ಲಿ ಕೆಲಸ ಮಾಡಿ, 1907ರಲ್ಲಿ 'ಭಾರತಿ' ಎಂಬ ಪತ್ರಿಕೆಯನ್ನೂ 1913ರಲ್ಲಿ 'ದಿ ಕರ್ನಾಟಕ' ಎಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನೂ ಹೊರಡಿಸಿದರು.

ಪತ್ರಿಕೆಯ ಸ್ವರೂಪ, ಸಂಪಾದಕನ ಹೊಣೆ ಮತ್ತು ಓದುಗನ ಕರ್ತವ್ಯಗಳನ್ನು ಕುರಿತು ಅವರು ಬರೆದ 'ವೃತ್ತಪತ್ರಿಕೆ' ಎಂಬ ಗ್ರಂಥವು ಈ ವಿಷಯದಲ್ಲಿ ಕನ್ನಡದ ಆರಂಭದ ಕೃತಿಗಳಲ್ಲಿ ಒಂದು. ಸಂಸ್ಥಾನಗಳ ಆಡಳಿತ, ಪ್ರಜಾಪ್ರತಿನಿಧಿತ್ವ ಮತ್ತು ಸಾರ್ವಜನಿಕ ಶಿಕ್ಷಣ ಅವರ ಬರಹಗಳ ಮುಖ್ಯ ವಿಷಯಗಳಾಗಿದ್ದವು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ಇದೇ ಚಿಂತನೆಯ ಮುಂದುವರಿಕೆಯಾಗಿದೆ.

ಉತ್ತರ ಕರ್ನಾಟಕ ಮತ್ತು ಕರಾವಳಿ

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಪತ್ರಿಕೆಗಳಿಗೆ ಇನ್ನೊಂದು ಹೊಣೆಯಿತ್ತು. ಅಲ್ಲಿ ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದುದರಿಂದ ಕನ್ನಡದಲ್ಲಿ ಪತ್ರಿಕೆ ಹೊರಡಿಸುವುದೇ ಭಾಷೆಯ ಕಾರ್ಯವಾಗಿತ್ತು. ಧಾರವಾಡದಲ್ಲಿ 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ 'ವಾಗ್ಭೂಷಣ'ವನ್ನು ಆರಂಭಿಸಿತು. 1921ರಲ್ಲಿ ಧಾರವಾಡದಿಂದ 'ಕರ್ಮವೀರ' ವಾರಪತ್ರಿಕೆಯೂ, 1922ರಲ್ಲಿ ಆಲೂರು ವೆಂಕಟರಾಯರ 'ಜಯಕರ್ನಾಟಕ'ವೂ ಬಂದವು. 1929ರಲ್ಲಿ ಬೆಳಗಾವಿಯಲ್ಲಿ ಆರಂಭವಾದ 'ಸಂಯುಕ್ತ ಕರ್ನಾಟಕ'ವು ಮುಂದೆ ಹುಬ್ಬಳ್ಳಿಗೆ ಬಂದು ದಿನಪತ್ರಿಕೆಯಾಗಿ ಬೆಳೆಯಿತು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಒಂದಾಗಬೇಕೆಂಬ ಬೇಡಿಕೆಯನ್ನು ಅದರ ಹೆಸರೇ ಸಾರುತ್ತಿತ್ತು.

ಕರಾವಳಿಯಲ್ಲಿ 1907ರಲ್ಲಿ ಮಂಗಳೂರಿನಿಂದ 'ಸ್ವದೇಶಾಭಿಮಾನಿ' ಪ್ರಕಟವಾಗತೊಡಗಿತು. ಕವಿ ಕಡೆಂಗೋಡ್ಲು ಶಂಕರಭಟ್ಟರು 'ರಾಷ್ಟ್ರಬಂಧು'ವಿನ ಸಂಪಾದಕರಾಗಿದ್ದರು. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ತಿ.ತಾ. ಶರ್ಮರ 'ವಿಶ್ವಕರ್ನಾಟಕ' ಮತ್ತು ಪಿ.ಆರ್. ರಾಮಯ್ಯನವರ 'ತಾಯಿನಾಡು' ಸ್ವಾತಂತ್ರ್ಯ ಚಳವಳಿಯ ಸುದ್ದಿಯನ್ನು ಹಳ್ಳಿಗಳವರೆಗೆ ತಲುಪಿಸಿದವು. ಅಕ್ಷರ ಬಲ್ಲವರು ಕೆಲವರೇ ಇದ್ದ ಹಳ್ಳಿಗಳಲ್ಲಿ ಒಬ್ಬರು ಓದಿ ಹತ್ತಾರು ಮಂದಿ ಕೇಳುವ ರೂಢಿಯಿತ್ತು. ಹೀಗಾಗಿ ಆ ಕಾಲದ ಪತ್ರಿಕೆಯ ವ್ಯಾಪ್ತಿಯನ್ನು ಅದರ ಪ್ರತಿಗಳ ಸಂಖ್ಯೆಯಿಂದ ಮಾತ್ರ ಅಳೆಯಲಾಗದು.

ಮಹಿಳೆಯರು ನಡೆಸಿದ ಪತ್ರಿಕೆಗಳು

ನಂಜನಗೂಡು ತಿರುಮಲಾಂಬ (1887–1982) ಬಾಲ್ಯದಲ್ಲಿಯೇ ವಿಧವೆಯಾಗಿ, ಮನೆಯಲ್ಲಿಯೇ ವಿದ್ಯೆ ಕಲಿತವರು. ಅವರು ನಂಜನಗೂಡಿನಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ, 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ಸಂಪಾದಿಸಿ ಪ್ರಕಟಿಸಿದರು. ಅವರನ್ನು ಕನ್ನಡದ ಮೊದಲ ಪತ್ರಕರ್ತೆ ಎಂದು ಗುರುತಿಸಲಾಗುತ್ತದೆ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ರಾಜಧಾನಿಯ ಹೊರಗಿನ ಒಂದು ಪುಟ್ಟ ಪಟ್ಟಣದ ಮನೆಯಿಂದಲೂ ನಾಡಿನ ಓದುಗರನ್ನು ತಲುಪಬಹುದೆಂಬುದಕ್ಕೆ ತಿರುಮಲಾಂಬ ಅವರ ಕಾರ್ಯವು ನಿದರ್ಶನವಾಗಿದೆ.

ಸ್ವಾತಂತ್ರ್ಯಾನಂತರದ ದೊಡ್ಡ ದಿನಪತ್ರಿಕೆಗಳು

1948ರ ಅಕ್ಟೋಬರ್ 15ರಂದು ಬೆಂಗಳೂರಿನಲ್ಲಿ ಕೆ.ಎನ್. ಗುರುಸ್ವಾಮಿಯವರು 'ಪ್ರಜಾವಾಣಿ'ಯನ್ನು ಆರಂಭಿಸಿದರು. 1967ರ ನವೆಂಬರ್‌ನಲ್ಲಿ 'ಕನ್ನಡಪ್ರಭ', 1970ರ ಜನವರಿ 1ರಂದು ಮಣಿಪಾಲದಿಂದ 'ಉದಯವಾಣಿ', 1999ರಲ್ಲಿ 'ವಿಜಯ ಕರ್ನಾಟಕ', 2012ರಲ್ಲಿ 'ವಿಜಯವಾಣಿ' ಬಂದವು. ಮಣಿಪಾಲದಂಥ ಚಿಕ್ಕ ಊರಿನಿಂದ ಹೊರಟ 'ಉದಯವಾಣಿ'ಯು ಕರಾವಳಿಯ ಹಳ್ಳಿಗಳ ಸುದ್ದಿಗೆ ವಿಶೇಷ ಸ್ಥಾನ ಕೊಟ್ಟು ಬೆಳೆದದ್ದು ಗಮನಾರ್ಹ.

1990ರ ದಶಕದಿಂದ ಈಚೆಗೆ ದೊಡ್ಡ ಪತ್ರಿಕೆಗಳು ಹಲವು ಊರುಗಳಲ್ಲಿ ಮುದ್ರಣಗೊಂಡು, ಪ್ರತಿ ಜಿಲ್ಲೆಗೂ ಪ್ರತ್ಯೇಕ ಪುಟಗಳನ್ನು ಕೊಡತೊಡಗಿದವು. ಇದರಿಂದ ತಾಲ್ಲೂಕಿನ ಸುದ್ದಿಗೆ ಹಿಂದಿಗಿಂತ ಹೆಚ್ಚು ಜಾಗ ದೊರೆಯಿತು. ಆದರೆ ಆ ಸುದ್ದಿ ಆ ಜಿಲ್ಲೆಯ ಗಡಿಯನ್ನು ದಾಟುವುದು ಕಡಿಮೆಯಾಯಿತು. ಒಂದು ಜಿಲ್ಲೆಯ ಕೆರೆ ಒತ್ತುವರಿಯ ವರದಿ ಪಕ್ಕದ ಜಿಲ್ಲೆಯ ಓದುಗನಿಗೂ, ವಿಧಾನಸೌಧದ ಅಧಿಕಾರಿಗೂ ಕಾಣದೆ ಹೋಗುವ ಸಂಭವ ಹೆಚ್ಚಿತು.

ಜಿಲ್ಲಾ ಮತ್ತು ಪಟ್ಟಣ ಪತ್ರಿಕೆಗಳು

ಸ್ವಂತ ಊರನ್ನೇ ಕೇಂದ್ರವಾಗಿಟ್ಟುಕೊಂಡ ಪತ್ರಿಕೆಗಳಲ್ಲಿ ಕೆಲವು ದೀರ್ಘಕಾಲ ಬಾಳಿವೆ. ಮಡಿಕೇರಿಯ 'ಶಕ್ತಿ' 1957ರಲ್ಲಿ ಆರಂಭವಾಯಿತು. ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ಆರಂಭಿಸಿದ 'ಆಂದೋಲನ'ವು ಮೈಸೂರಿಗೆ ಬಂದು ಅಲ್ಲಿನ ಪ್ರಮುಖ ದಿನಪತ್ರಿಕೆಯಾಯಿತು. ದಾವಣಗೆರೆಯ 'ಜನತಾವಾಣಿ', ಮೈಸೂರಿನ 'ಮೈಸೂರು ಮಿತ್ರ', ತುಮಕೂರಿನ 'ಪ್ರಜಾಪ್ರಗತಿ', 'ಕೋಲಾರ ಪತ್ರಿಕೆ', ಶಿರಸಿಯ 'ಲೋಕಧ್ವನಿ', ಕಾರವಾರದ 'ಕರಾವಳಿ ಮುಂಜಾವು' ಮೊದಲಾದವು ಆಯಾ ಪ್ರದೇಶದ ಓದುಗರಲ್ಲಿ ಬೇರೂರಿದ ಪತ್ರಿಕೆಗಳು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ 'ಮುಂಗಾರು' ಅಲ್ಪಕಾಲ ಬಾಳಿದರೂ ಅನೇಕ ಪತ್ರಕರ್ತರನ್ನು ರೂಪಿಸಿತು.

1970ರ ದಶಕದಲ್ಲಿ ದಲಿತ ಚಳವಳಿಯೊಡನೆ ಬಂದ 'ಪಂಚಮ' ವಾರಪತ್ರಿಕೆಯು ಇತರ ಪತ್ರಿಕೆಗಳಲ್ಲಿ ಸ್ಥಾನ ಪಡೆಯದ ಹಳ್ಳಿಗಳ ದೌರ್ಜನ್ಯದ ಸುದ್ದಿಗಳಿಗೆ ವೇದಿಕೆಯಾಯಿತು. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ 'ಲಂಕೇಶ್ ಪತ್ರಿಕೆ' ಜಾಹೀರಾತುಗಳಿಲ್ಲದೆ, ಓದುಗರು ಕೊಡುವ ಬೆಲೆಯ ಮೇಲೆಯೇ ನಡೆಯಿತು. ಸಣ್ಣ ಊರುಗಳ ರಾಜಕಾರಣವನ್ನು ನಾಡಿನ ಚರ್ಚೆಯ ವಿಷಯವಾಗಿಸಿದ ಅದರ ರೀತಿಯು ಜಿಲ್ಲೆಗಳಲ್ಲಿ ಅನೇಕ ವಾರಪತ್ರಿಕೆಗಳಿಗೆ ಮಾದರಿಯಾಯಿತು.

ಮುದ್ರಣ ವಿಧಾನ

ಸುಮಾರು 1980ರ ದಶಕದವರೆಗೆ ಸಣ್ಣ ಊರಿನ ಪತ್ರಿಕೆಯೆಂದರೆ ಒಂದು ಅಚ್ಚುಕೂಟವೆಂದೇ ಅರ್ಥ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ, ಸಾಲುಗಳನ್ನು ಚೌಕಟ್ಟಿನಲ್ಲಿ ಬಿಗಿದು, ಕಾಲಿನಿಂದ ತುಳಿಯುವ ಅಥವಾ ಮೋಟಾರಿನಿಂದ ನಡೆಯುವ ಟ್ರೆಡಲ್ ಯಂತ್ರದಲ್ಲಿ ಅಚ್ಚು ಹಾಕಲಾಗುತ್ತಿತ್ತು. ಕನ್ನಡದಲ್ಲಿ ಗುಣಿತಾಕ್ಷರ ಮತ್ತು ಒತ್ತಕ್ಷರಗಳಿಗಾಗಿ ನೂರಾರು ಬಗೆಯ ಮೊಳೆಗಳು ಬೇಕಾಗುತ್ತಿದ್ದುದರಿಂದ ಜೋಡಣೆ ನಿಧಾನವಾದ ಕೆಲಸವಾಗಿತ್ತು. ಮುದ್ರಣ ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ ಮತ್ತೆ ಅವುಗಳ ಗೂಡುಗಳಿಗೆ ಹಂಚಬೇಕಾಗಿತ್ತು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಚುನಾವಣೆಯ ಕರಪತ್ರಗಳಿಂದ ಬರುವ ಆದಾಯದಲ್ಲಿ ಅಚ್ಚುಕೂಟ ನಡೆಯುತ್ತಿತ್ತು. ಆ ಅಚ್ಚುಕೂಟದ ಬಲದಿಂದ ಪತ್ರಿಕೆ ನಡೆಯುತ್ತಿತ್ತು.

ಆಫ್‌ಸೆಟ್ ಮುದ್ರಣ ಮತ್ತು ಗಣಕಯಂತ್ರದ ಅಕ್ಷರ ಜೋಡಣೆ ಬಂದ ಮೇಲೆ ಈ ವ್ಯವಸ್ಥೆ ಬದಲಾಯಿತು. ಶ್ರೀಲಿಪಿ, ಬರಹ, ನುಡಿ ಮುಂತಾದ ತಂತ್ರಾಂಶಗಳಿಂದ ಒಬ್ಬರೇ ಪುಟ ಸಿದ್ಧಪಡಿಸಿ, ಬೇರೆ ಊರಿನಲ್ಲಿ ಮುದ್ರಿಸಿಕೊಳ್ಳುವುದು ಸಾಧ್ಯವಾಯಿತು. ಪತ್ರಿಕೆ ಆರಂಭಿಸುವುದು ಸುಲಭವಾಯಿತು. ಆದರೆ ಅಚ್ಚುಕೂಟದಿಂದ ಬರುತ್ತಿದ್ದ ಆಸರೆಯ ಆದಾಯ ತಪ್ಪಿ, ಪತ್ರಿಕೆ ಜಾಹೀರಾತನ್ನೇ ನೆಚ್ಚಬೇಕಾಯಿತು.

ಸುದ್ದಿ ಮತ್ತು ಹಣದ ಮೂಲಗಳು

ತಾಲ್ಲೂಕು ಮಟ್ಟದ ಸುದ್ದಿಯನ್ನು ಒದಗಿಸುವವರು ಬಹುಮಟ್ಟಿಗೆ ಅರೆಕಾಲಿಕ ವರದಿಗಾರರು. ಅನೇಕ ಊರುಗಳಲ್ಲಿ ವರದಿಗಾರನೇ ಪತ್ರಿಕೆಯ ಏಜೆಂಟನೂ ಜಾಹೀರಾತು ಸಂಗ್ರಹಿಸುವವನೂ ಆಗಿರುವುದುಂಟು. ಇದರಲ್ಲಿ ಒಂದು ಇಕ್ಕಟ್ಟಿದೆ. ಯಾರ ಅಂಗಡಿಯಿಂದ ಅಥವಾ ಯಾವ ನಾಯಕನಿಂದ ಹಬ್ಬದ ಶುಭಾಶಯದ ಜಾಹೀರಾತು ಬರಬೇಕೋ ಅವರ ವಿರುದ್ಧದ ಸುದ್ದಿಯನ್ನೂ ಅದೇ ವ್ಯಕ್ತಿ ಬರೆಯಬೇಕಾಗುತ್ತದೆ. ಊರು ಚಿಕ್ಕದಾದಷ್ಟೂ ಈ ಇಕ್ಕಟ್ಟು ಹೆಚ್ಚು. ಬರೆದವನ ಮನೆ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಸಣ್ಣ ಪತ್ರಿಕೆಗಳ ಇನ್ನೊಂದು ಆಧಾರ ಸರ್ಕಾರಿ ಜಾಹೀರಾತು. ಟೆಂಡರ್ ಪ್ರಕಟಣೆ, ಹರಾಜು, ನ್ಯಾಯಾಲಯದ ನೋಟಿಸು, ಇಲಾಖೆಗಳ ಸಾಧನೆಯ ವಿವರಗಳು ಇದರಲ್ಲಿ ಸೇರುತ್ತವೆ. ಕೇಂದ್ರ ಸರ್ಕಾರದ ವರ್ಗೀಕರಣದಲ್ಲಿ 25,000 ಪ್ರತಿಗಳವರೆಗೆ ಪ್ರಸಾರವಿರುವುದು ಸಣ್ಣ ಪತ್ರಿಕೆ, 75,000ದವರೆಗೆ ಮಧ್ಯಮ, ಅದಕ್ಕೆ ಮೇಲ್ಪಟ್ಟದ್ದು ದೊಡ್ಡ ಪತ್ರಿಕೆ. 1908ರಲ್ಲಿ ಅನುಮತಿಯ ಮೂಲಕ ಇದ್ದ ಹಿಡಿತವು ಇಂದು ಜಾಹೀರಾತಿನ ಮೂಲಕವೂ ಸಾಧ್ಯವಾಗುತ್ತದೆ ಎಂಬುದು ಈ ಅವಲಂಬನೆಯ ಬಗೆಗಿನ ಮುಖ್ಯ ಆಕ್ಷೇಪ.

ಕುಂದಾಣ ಮತ್ತು ಬೆಂಗಳೂರು ಗ್ರಾಮಾಂತರ ಪ್ರದೇಶ

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರಲ್ಲಿ ರಚನೆಯಾಯಿತು. 2007ರಲ್ಲಿ ರಾಮನಗರ ಜಿಲ್ಲೆ ಬೇರ್ಪಟ್ಟ ಮೇಲೆ ಇದರಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ಕೊಡಗಿಗೆ ಮಡಿಕೇರಿ, ದಾವಣಗೆರೆ ಸೀಮೆಗೆ ದಾವಣಗೆರೆ ಇರುವಂತೆ ಇಲ್ಲಿ ಎಲ್ಲ ತಾಲ್ಲೂಕುಗಳೂ ಒಪ್ಪುವ ಒಂದು ಕೇಂದ್ರಪಟ್ಟಣವಿಲ್ಲ. ನಾಲ್ಕೂ ತಾಲ್ಲೂಕುಗಳು ಬೇರೆ ಬೇರೆ ಹೆದ್ದಾರಿಗಳ ಮೂಲಕ ನೇರವಾಗಿ ಬೆಂಗಳೂರಿಗೆ ಕೂಡಿಕೊಂಡಿವೆ. ಬೆಂಗಳೂರಿನ ಪತ್ರಿಕೆ ಬೆಳಗಿನ ಮೊದಲ ವಾಹನದಲ್ಲಿಯೇ ಬರುವ ಈ ಊರುಗಳಲ್ಲಿ ಸ್ಥಳೀಯ ದಿನಪತ್ರಿಕೆಯೊಂದು ಬೆಳೆಯುವುದು ಕಷ್ಟ. ರಾಜಧಾನಿಗೆ ಹತ್ತಿರವಿರುವ ಊರಿನ ಸುದ್ದಿ, ದೂರದ ಊರಿನ ಸುದ್ದಿಗಿಂತ ಕಡಿಮೆ ಪ್ರಕಟವಾಗುವ ವಿಚಿತ್ರ ಸ್ಥಿತಿ ಇದರಿಂದ ಉಂಟಾಗುತ್ತದೆ.

ಆದರೆ ಈ ಪ್ರದೇಶಕ್ಕೆ ಸ್ಥಳೀಯ ಸುದ್ದಿಯ ಅಗತ್ಯ ಕಡಿಮೆಯಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಹಳ್ಳಿಗಳ ಭೂಮಿಯ ಬಳಕೆ ಶೀಘ್ರವಾಗಿ ಬದಲಾಯಿತು. ವಿಜಯಪುರದ ರೇಷ್ಮೆಗೂಡಿನ ಧಾರಣೆ, ದೊಡ್ಡಬಳ್ಳಾಪುರದ ಮಗ್ಗಗಳ ಸ್ಥಿತಿ, ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಇವೆಲ್ಲ ಇಲ್ಲಿನ ದಿನನಿತ್ಯದ ವಿಷಯಗಳು. ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಆರಂಭವಾದ ರೈತರ ಧರಣಿ ಸಾವಿರ ದಿನಗಳನ್ನು ಮೀರಿ ನಡೆಯಿತು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಗಳ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಒಂದು ದಿನದ ಘಟನೆಯನ್ನು ವರದಿ ಮಾಡುವುದು ಹೊರಗಿನಿಂದ ಬರುವ ಪತ್ರಕರ್ತನಿಗೂ ಸಾಧ್ಯ. ಸಾವಿರ ದಿನಗಳ ಸಂಗತಿಯನ್ನು ಹಿಂಬಾಲಿಸಲು ಊರಿನಲ್ಲಿಯೇ ಇರುವ ವರದಿಗಾರ ಬೇಕು.

ಪತ್ರಿಕೆ ಮತ್ತು ಭೂಮಿಗೆ ಕಾನೂನಿನ ಸಂಬಂಧವೂ ಇದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯನ್ನು ಗೆಜೆಟ್ಟಿನಲ್ಲಿ ಮಾತ್ರವಲ್ಲದೆ, ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿಯೂ ಪ್ರಕಟಿಸಬೇಕು. ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಆ ಪ್ರಕಟಣೆಯನ್ನು ಓದಿ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದು ಜಮೀನಿನ ಮಾಲೀಕನ ಹಕ್ಕು. ಆದ್ದರಿಂದ ಹಳ್ಳಿಯ ರೈತನು ನಿಜವಾಗಿ ಓದುವ ಪತ್ರಿಕೆ ಯಾವುದು ಎಂಬ ಪ್ರಶ್ನೆ ಕೇವಲ ಅಭಿರುಚಿಯದಲ್ಲ.

ನೋಂದಣಿ ಮತ್ತು ಕಾನೂನು

ಬ್ರಿಟಿಷರ ಕಾಲದ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯು ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ಅದರಂತೆ ಮುದ್ರಕ ಮತ್ತು ಪ್ರಕಾಶಕರು ದಂಡಾಧಿಕಾರಿಯ ಮುಂದೆ ಘೋಷಣೆ ಸಲ್ಲಿಸಬೇಕಾಗಿತ್ತು. 1956ರಲ್ಲಿ ಭಾರತದ ಪತ್ರಿಕಾ ನೋಂದಣಾಧಿಕಾರಿಯ ಕಚೇರಿ ಆರಂಭವಾಯಿತು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಪತ್ರಿಕೆಗಳ ಮೇಲೆ ಮುದ್ರಣಪೂರ್ವ ಪರಿಶೀಲನೆ ಹೇರಲಾಯಿತು. 1867ರ ಕಾಯ್ದೆಯ ಸ್ಥಾನದಲ್ಲಿ ಬಂದ 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯು 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ.

ಹಳೆಯ ಸಂಚಿಕೆಗಳ ಸಂರಕ್ಷಣೆ

ಪತ್ರಿಕೆಯ ಕಾಗದವು ಮರದ ತಿರುಳಿನಿಂದ ಅಗ್ಗವಾಗಿ ತಯಾರಾಗುವುದರಿಂದ ಬೆಳಕು ಮತ್ತು ಗಾಳಿಗೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯನ್ನು 1956ರಲ್ಲಿ ತಿದ್ದುಪಡಿ ಮಾಡಿ, ಪತ್ರಿಕೆಗಳ ಪ್ರತಿಗಳನ್ನೂ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮೊದಲಾದ ನಿಗದಿತ ಗ್ರಂಥಾಲಯಗಳಿಗೆ ಕಳುಹಿಸಬೇಕೆಂದು ವಿಧಿಸಲಾಯಿತು. ಆದರೂ ಸಣ್ಣ ಊರಿನ ಪತ್ರಿಕೆಗಳ ಪೂರ್ಣ ಸಂಪುಟಗಳು ಹೆಚ್ಚಾಗಿ ಸಂಪಾದಕರ ಮನೆಯಲ್ಲಿಯೇ ಇರುತ್ತವೆ. ಪತ್ರಿಕೆ ನಿಂತಾಗ ಅಥವಾ ಮನೆ ಬದಲಾದಾಗ ಅವು ರದ್ದಿಗೆ ಹೋಗುವುದುಂಟು. ಶಾಲೆ ಆರಂಭವಾದ ವರ್ಷ, ಬರಗಾಲದ ವಿವರ, ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವರು ಮತ್ತು ಸೋತವರು, ಊರಿನ ನಾಟಕ ಮಂಡಳಿಯ ಪ್ರದರ್ಶನಗಳು ಮೊದಲಾದವುಗಳಿಗೆ ಬೇರೆ ಲಿಖಿತ ಆಧಾರಗಳು ದೊರೆಯುವುದು ವಿರಳ. ಆದಕಾರಣ ಊರಿನ ಇತಿಹಾಸವನ್ನು ಬರೆಯಹೊರಡುವ ವಿದ್ಯಾರ್ಥಿಗಳಿಗೆ ಶಾಸನ ಮತ್ತು ಸರ್ಕಾರಿ ಕಡತಗಳಷ್ಟೇ ಈ ಹಳೆಯ ಸಂಚಿಕೆಗಳೂ ಮುಖ್ಯವಾದ ಆಕರಗಳಾಗಿವೆ.